‘ಅನಾಮಿಕ’ ಶಬ್ದದ ಅರ್ಥ ಮತ್ತು ಪ್ರಯೋಗ

ಕನ್ನಡದಲ್ಲಿ ಇಂದು ‘ಅನಾಮಿಕ’ ಎಂಬ ಶಬ್ದಕ್ಕೆ ಒಂದು ಬಗೆಯ ಸೊಗಸು ಬಂದಿದೆ. ದೇವಾಲಯದ ಹುಂಡಿಗೆ ದೊಡ್ಡ ಮೊತ್ತವನ್ನು ಹಾಕಿ ಹೆಸರು ಹೇಳದೆ ಹೋದವನು ಅನಾಮಿಕ ದಾನಿ. ಪತ್ರಿಕೆಗೆ ಸಹಿಯಿಲ್ಲದೆ ಬರೆದವನು ಅನಾಮಿಕ ಓದುಗ. ಕರ್ತೃವಿನ ಸುಳಿವಿಲ್ಲದ ಹಳೆಯ ಕೃತಿ ಅನಾಮಿಕ ಕವಿಯದು. ಹೆಸರಿದ್ದೂ ಮರೆಯಲ್ಲಿ ನಿಂತವನೆಂಬ ವಿನಯದ ಧ್ವನಿ ಈ ಪ್ರಯೋಗಗಳಲ್ಲಿದೆ. ಶಬ್ದಗಳ ಅರ್ಥ ಕಾಲಕಾಲಕ್ಕೆ ಮಾರ್ಪಡುವುದು ಸಹಜವಾದುದರಿಂದ ಇದನ್ನು ದೋಷವೆನ್ನಬೇಕಾಗಿಲ್ಲ. ತೊಡಕು ಹುಟ್ಟುವುದು ಬೇರೆಡೆಯಲ್ಲಿ. ವಚನ ವಾಙ್ಮಯವನ್ನೂ ವೀರಶೈವ ಕಾವ್ಯ ಪುರಾಣಗಳನ್ನೂ ಓದುವ ವಿದ್ಯಾರ್ಥಿಗಳು, ಒಮ್ಮೊಮ್ಮೆ ಅವರಿಗೆ ಪಾಠ ಹೇಳುವವರೂ ಕೂಡ, ಇಂದಿನ ಈ ಅರ್ಥವನ್ನೇ ಎಂಟುನೂರು ವರ್ಷ ಹಿಂದಕ್ಕೆ ಒಯ್ದು ಹಳೆಯ ಗ್ರಂಥಗಳ ಮೇಲೆ ಹೊದಿಸುತ್ತಾರೆ. ಆಗ ಒಂದು ದೊಡ್ಡ ನೋವು ಒಂದು ಸಣ್ಣ ಸೊಗಸಿನ ಕೆಳಗೆ ಮುಚ್ಚಿಹೋಗುತ್ತದೆ. ಆದುದರಿಂದ ಈ ಶಬ್ದದ ಅರ್ಥವಿಚಾರ ಕೇವಲ ನಿಘಂಟಿನ ಕೆಲಸವಾಗಿ ಉಳಿಯುವುದಿಲ್ಲ.

ವ್ಯಾಕರಣದ ದೃಷ್ಟಿಯಿಂದ ಈ ಪದ ಸರಳವಾದುದು. ‘ನಾಮ’ವಿಲ್ಲದುದು ‘ಅನಾಮ’, ಅದಕ್ಕೆ ಪ್ರತ್ಯಯ ಸೇರಿ ‘ಅನಾಮಕ’, ‘ಅನಾಮಿಕ’. ಆದರೆ ಇಲ್ಲಿಯ ‘ಅ’ಕಾರವನ್ನು ‘ಇಲ್ಲ’ ಎಂಬ ಒಂದೇ ಅರ್ಥದಲ್ಲಿ ಹಿಡಿಯುವುದು ಸಲ್ಲದು. ಸಂಸ್ಕೃತ ವೈಯಾಕರಣರು ಈ ನಿಷೇಧಕ್ಕೆ, ಅಂದರೆ ನಞ್‌ಗೆ, ಆರು ಅರ್ಥಗಳನ್ನು ಹೇಳಿದ್ದಾರೆ: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ‘ಅಪಾಪ’ ಎಂದರೆ ಪಾಪವಿಲ್ಲದಿರುವುದು. ‘ಅಧರ್ಮ’ ಎಂದರೆ ಧರ್ಮದ ಬರಿಯ ಅಭಾವವಲ್ಲ, ಧರ್ಮಕ್ಕೆ ವಿರೋಧವಾದುದು. ‘ಅಕಾಲ’ ಎಂದರೆ ಕಾಲವೇ ಇಲ್ಲದಿರುವುದಲ್ಲ, ಒಳ್ಳೆಯದಲ್ಲದ ಕಾಲ. ಈ ಕೊನೆಯ ಬಗೆಯ ನಿಷೇಧವೇ ಅಪ್ರಾಶಸ್ತ್ಯ. ‘ಅನಾಮಿಕ’ದಲ್ಲಿರುವ ನಞ್ ಯಾವ ಬಗೆಯದು? ಹೆಸರಿಲ್ಲದವನೋ, ಹೆಸರು ಹೊರಗೆ ತಿಳಿಯದವನೋ, ಅಥವಾ ಹೆಸರಿದ್ದೂ ಅದನ್ನು ಉಚ್ಚರಿಸಬಾರದೆಂದು ಇತರರು ತೀರ್ಮಾನಿಸಿದವನೋ? ಮುಂದಿನ ವಿಚಾರವೆಲ್ಲ ಈ ಪ್ರಶ್ನೆಗೆ ಸಂಬಂಧಿಸಿದುದು.

ಇದಕ್ಕೆ ಒಂದು ಕೀಲಿಕೈ ಮನುಷ್ಯನ ಕೈಯಲ್ಲಿಯೇ ಇದೆ. ಕಿರುಬೆರಳಿನ ಪಕ್ಕದ ಬೆರಳಿಗೆ ಸಂಸ್ಕೃತದಲ್ಲಿ ‘ಅನಾಮಿಕಾ’ ಎಂದು ಹೆಸರು. ಉಳಿದ ನಾಲ್ಕಕ್ಕೆ ಅಂಗುಷ್ಠ, ತರ್ಜನಿ, ಮಧ್ಯಮಾ, ಕನಿಷ್ಠಿಕಾ ಎಂದು ಕೆಲಸದಿಂದಲೋ ಸ್ಥಾನದಿಂದಲೋ ಗಾತ್ರದಿಂದಲೋ ಹೆಸರು ಬಂದಿರಲು, ಇದೊಂದಕ್ಕೆ ಹೆಸರಿಲ್ಲವೆಂಬುದೇ ಹೆಸರಾಯಿತು. ಸೋಜಿಗವೆಂದರೆ ಚೀನೀ, ರಷ್ಯನ್, ಫಿನ್ನಿಷ್ ಭಾಷೆಗಳಲ್ಲಿಯೂ ಈ ಬೆರಳನ್ನು ಹೆಸರಿಲ್ಲದ ಬೆರಳೆಂದೇ ಕರೆಯುತ್ತಾರೆ. ಕವಿಗಳನ್ನು ಎಣಿಸಹೊರಟಾಗ ಕಿರುಬೆರಳಿಗೆ ಕಾಳಿದಾಸ ನಿಂತನು, ಅವನಿಗೆ ಸಮನಾದ ಇನ್ನೊಬ್ಬನು ಸಿಗದೆ ಎರಡನೆಯ ಬೆರಳಿನ ಹೆಸರು ಸಾರ್ಥಕವಾಯಿತು ಎಂಬ ಸುಭಾಷಿತದ ಚಮತ್ಕಾರ ಸಂಸ್ಕೃತ ಕಲಿತವರಿಗೆಲ್ಲ ಪರಿಚಿತ. ಆದರೆ ಕೋಶಕಾರರ ಸಂಪ್ರದಾಯ ಹೇಳುವ ಇನ್ನೊಂದು ಕಾರಣ ಅಷ್ಟು ಪರಿಚಿತವಲ್ಲ. ಬ್ರಹ್ಮನ ಐದನೆಯ ತಲೆಯನ್ನು ಶಿವನು ಚಿವುಟಿದ್ದು ಈ ಬೆರಳಿನಿಂದ. ಆದುದರಿಂದ ಇದರ ಹೆಸರು ಹಿಡಿಯಲು ತಕ್ಕುದಲ್ಲ. ಕರ್ಮಕಾಲದಲ್ಲಿ ದರ್ಭೆಯ ಪವಿತ್ರವನ್ನು ಇದೇ ಬೆರಳಿಗೆ ತೊಡಿಸುವುದು ಇದನ್ನು ಶುದ್ಧಗೊಳಿಸುವುದಕ್ಕಾಗಿ. ಶಿವಭಕ್ತನ ಕಿವಿಗೆ ಈ ಕಥೆ ಹಿತವಾಗಲಾರದೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದು ಸಮಾಸದ ವಿಗ್ರಹವನ್ನು. ‘ನಾಮವಿಲ್ಲದುದು’ ಎಂದಲ್ಲ, ‘ಗ್ರಹಣಕ್ಕೆ ಯೋಗ್ಯವಾದ ನಾಮವಿಲ್ಲದುದು’ ಎಂದು ಅವರು ಪದವನ್ನು ಬಿಡಿಸುತ್ತಾರೆ. ಕೈಯ ಬೆರಳಿಗೆ ಹೇಳಿದ ಈ ವಿಗ್ರಹವಾಕ್ಯವನ್ನೇ ಸಮಾಜವು ಮನುಷ್ಯನಿಗೂ ಅನ್ವಯಿಸಿತು.

ನಡುಗನ್ನಡ ಗ್ರಂಥಗಳಲ್ಲಿ ‘ಅನಾಮಿಕ’ ಎಂದರೆ ಹೊಲೆಯ, ಅಂತ್ಯಜ, ಅಸ್ಪೃಶ್ಯ. ಹಳೆಯ ನಿಘಂಟುಗಳು ಈ ಅರ್ಥವನ್ನು ಕೊಡುತ್ತವೆ. ನೆರೆಯ ತೆಲುಗಿನಲ್ಲಿಯೂ ಮರಾಠಿಯಲ್ಲಿಯೂ ಇದೇ ಶಬ್ದ ಇದೇ ಜನರ ಮೇಲೆ ಪ್ರಯೋಗವಾಗಿದೆ. ಮೂರು ಭಾಷೆಗಳ ನಾಡಿನಲ್ಲಿ ಒಂದೇ ಬಗೆಯ ಜನಕ್ಕೆ ಈ ಶಬ್ದ ಅಂಟಿಕೊಂಡುದು ಆಕಸ್ಮಿಕವಲ್ಲ. ಅವರಿಗೆ ಹೆಸರಿರಲಿಲ್ಲವೆಂದು ಯಾರೂ ಹೇಳಲಾರರು. ತಾಯಿ ಇಟ್ಟ ಹೆಸರು ಪ್ರತಿ ಗುಡಿಸಲಿನಲ್ಲಿಯೂ ಇತ್ತು. ಆ ಹೆಸರನ್ನು ನಾಲಗೆಯ ಮೇಲೆ ತರಬಾರದೆಂಬ ಕಟ್ಟು ಊರಿನದು. ಹೆಸರನ್ನು ನುಡಿಯದಿರುವುದು ಎಲ್ಲ ಕಡೆಯೂ ತಿರಸ್ಕಾರವೇನೂ ಅಲ್ಲ. ಹೆಂಡತಿ ಗಂಡನ ಹೆಸರನ್ನು ಹೇಳದಿರುವ ರೂಢಿ ಇತ್ತು. ಹೇಳಲೇಬೇಕಾದಾಗ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಒಡಪು ಕಟ್ಟಿ ಹೇಳುತ್ತಿದ್ದರು. ಆದರೆ ಅಲ್ಲಿ ನಾಲಗೆ ಹಿಂಜರಿಯುವುದು ಗೌರವದಿಂದ, ಇಲ್ಲಿ ಹೇಸಿಗೆಯಿಂದ.

ಪ್ರಸಂಗವಶಾತ್ ಇನ್ನೆರಡು ಮಾತು. ‘ಅನಾಮಯ’ ಎಂಬುದಕ್ಕೂ ನಾಮಕ್ಕೂ ಸಂಬಂಧವಿಲ್ಲ. ಅದು ‘ಆಮಯ’, ಅಂದರೆ ರೋಗ, ಇಲ್ಲದುದು. ‘ಅನಾಮತ್ತು’ ಎಂಬುದಂತೂ ಅಮಾನತ್ತಿನ ಬಂಧು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಮೂರೂ ಒಂದೇ ಬಳ್ಳಿಯ ಕಾಯಿಗಳಾಗಿ ಕಾಣಿಸಿಕೊಳ್ಳುವುದುಂಟು.

ಶಬ್ದದ ಈ ಹಳೆಯ ಅರ್ಥ ಪೂರ್ಣವಾಗಿ ಬೆಳಗಿರುವುದು ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ. ಬೇಟೆಯಿಂದ ಬಳಲಿ ವಿಶ್ವಾಮಿತ್ರನ ಆಶ್ರಮದ ಬಳಿ ಬೀಡುಬಿಟ್ಟ ಹರಿಶ್ಚಂದ್ರನ ಮುಂದೆ ಇಬ್ಬರು ಕನ್ಯೆಯರು ಬಂದು ಹಾಡುತ್ತಾರೆ. ಅವರನ್ನು ವಿಮರ್ಶಕರು ಇಂದಿಗೂ ‘ಅನಾಮಿಕ ಸ್ತ್ರೀಯರು’ ಎಂದೇ ಕರೆಯುತ್ತಾರೆ. ಅವರು ಮುನಿಯ ಕೋಪದಿಂದ ಹುಟ್ಟಿದವರು. ರಾಜನನ್ನು ಸತ್ಯದಿಂದ ಜಾರಿಸುವುದಕ್ಕಾಗಿಯೇ ನಿರ್ಮಿತರಾದವರು. ಅವರ ಗಾನಕ್ಕೆ ಮೆಚ್ಚಿ ರಾಜನು ಉಡುಗೊರೆ ಕೊಡಹೋದಾಗ ಅವರು ಬೇಡುವುದು ಅವನ ಬೆಳ್ಗೊಡೆಯನ್ನು. ಅದು ಪಟ್ಟದ ಜೊತೆಗೆ ವಂಶದಿಂದ ಬಂದುದು, ಕೊಡಲಾಗದು ಎಂದಾಗ, ಹಾಗಾದರೆ ನಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಅರಸನು ಕನಲುತ್ತಾನೆ. ಆಗ ಆ ಹೆಣ್ಣುಗಳು ಹೂಡುವ ವಾದ ಕನ್ನಡ ಕಾವ್ಯದ ಬಹು ಧೀರವಾದ ವಾದಗಳಲ್ಲಿ ಒಂದು. ಹಾಡನ್ನು ಕೇಳಿದ ಕಿವಿಗೆ ಹೊಲೆಯಿಲ್ಲ, ರೂಪನ್ನು ನೋಡಿದ ಕಣ್ಣಿಗೆ ಹೊಲೆಯಿಲ್ಲ, ಮಾತನಾಡಿದ ಬಾಯಿಗೂ ಮೈಗಂಪನ್ನು ಹೊತ್ತ ಗಾಳಿ ಸೋಕಿದ ಮೂಗಿಗೂ ಹೊಲೆಯಿಲ್ಲ; ಸ್ಪರ್ಶವೊಂದಕ್ಕೆ ಮಾತ್ರ ಹೊಲೆ ಹೇಗೆ ಬಂತು? ಇಂದ್ರಿಯಗಳಲ್ಲಿ ನಾಲ್ಕು ಕೀಳು, ಒಂದು ಮಾತ್ರ ಮೇಲೇ? ಇದಕ್ಕೆ ರಾಜನು ಕೊಡುವ ಉತ್ತರ ತರ್ಕದ ದೃಷ್ಟಿಯಿಂದ ದುರ್ಬಲವಾದುದು. ತರ್ಕ ಮುಗಿದ ಕಡೆ ಅವನ ಕೋಪ ಮೊದಲಾಗುತ್ತದೆ, ಹೆಣ್ಣುಗಳು ಹೊಡೆಸಿಕೊಳ್ಳುತ್ತಾರೆ, ಮುನಿಗೆ ಬೇಕಾಗಿದ್ದ ನೆಪ ಸಿಗುತ್ತದೆ.

ಈ ಪ್ರಸಂಗವನ್ನು ಕುರಿತು ಬಹಳ ಬರೆಹ ಬಂದಿದೆ. ರಾಘವಾಂಕನು ಹರಿಶ್ಚಂದ್ರನ ಸತ್ಯನಿಷ್ಠೆಯನ್ನು ಎತ್ತಿಹಿಡಿಯಲು ಈ ಸನ್ನಿವೇಶ ನಿರ್ಮಿಸಿದನೆಂದು ಕೆಲವರು, ಹಂಪೆಯ ವೀರಶೈವ ಕವಿಯಾಗಿ ವರ್ಣವ್ಯವಸ್ಥೆಯನ್ನು ಪ್ರಶ್ನಿಸಿದನೆಂದು ಕೆಲವರು. ಎರಡೂ ಪಕ್ಷದವರು ಸಾಮಾನ್ಯವಾಗಿ ಎತ್ತದೆ ಬಿಟ್ಟ ಒಂದು ಅಂಶವುಂಟು. ಕವಿಯು ಈ ಇಬ್ಬರಿಗೆ ಹೆಸರಿಟ್ಟಿಲ್ಲ. ಗಾಣರಾಣಿಯರು, ಹೊಲತಿಯರು, ಅನಾಮಿಕೆಯರು ಎಂಬ ಜಾತಿವಾಚಕ, ವೃತ್ತಿವಾಚಕ ಮಾತುಗಳಿಂದಲೇ ಅವರ ಗುರುತು. ಇಬ್ಬರಲ್ಲಿ ಯಾವ ಮಾತನ್ನು ಯಾವಳು ಆಡಿದಳೆಂದು ಕೂಡ ಬೇರ್ಪಡಿಸಲಾಗದು. ಹೀಗೆ ಕಾವ್ಯದಲ್ಲಿ ಅವರು ಎರಡು ಅರ್ಥದಲ್ಲಿಯೂ ಅನಾಮಿಕರು: ಸಮಾಜದ ಅರ್ಥದಲ್ಲಿ ಹೊಲತಿಯರು, ಇಂದಿನ ಅರ್ಥದಲ್ಲಿ ಹೆಸರಿಲ್ಲದವರು. ಇದನ್ನು ಕವಿಯ ಅಲಕ್ಷ್ಯವೆನ್ನಲಾಗದು. ಇದೇ ಕಾವ್ಯದ ಉತ್ತರಾರ್ಧದಲ್ಲಿ ಕಾಶಿಯ ಸುಡುಗಾಡಿನ ಒಡೆಯನಾದ ಹೊಲೆಯನಿಗೆ ‘ವೀರಬಾಹುಕ’ನೆಂದು ಗಂಭೀರವಾದ ಹೆಸರಿದೆ, ಚಕ್ರವರ್ತಿಯು ಅವನಿಗೆ ಆಳಾಗಿ ನಿಲ್ಲುತ್ತಾನೆ. ಕೊಳ್ಳುವ ಶಕ್ತಿಯಿದ್ದವನಿಗೆ ಹೆಸರು ಬಂತು, ಬೇಡಿದವರಿಗೆ ಬರಲಿಲ್ಲ. ಅಷ್ಟೇ ಅಲ್ಲ, ಯಾವ ಸ್ಪರ್ಶವನ್ನು ಅರಸನು ಬಿರುಸಾಗಿ ನಿರಾಕರಿಸಿದನೋ ಆ ಕುಲದ ಮನೆಯ ಊಳಿಗವನ್ನೇ ಅವನು ಕೊನೆಗೆ ಮಾಡಬೇಕಾಗುತ್ತದೆ. ಆ ಹೆಣ್ಣುಗಳ ಪ್ರಶ್ನೆಗೆ ಅರಸನು ಬಾಯಿಂದ ಕೊಡಲಾಗದ ಉತ್ತರವನ್ನು ಕಾವ್ಯವು ಅವನ ಮೈಯಿಂದ ಕೊಡಿಸಿತು ಎಂದು ಹೇಳುವುದು ತಪ್ಪಾಗದು. ಆದರೆ ಆ ಉತ್ತರವನ್ನು ಕೇಳಲು ಆ ಹೆಣ್ಣುಗಳು ಅಲ್ಲಿ ಉಳಿದಿರುವುದಿಲ್ಲ.

‘ಅನಾಮಿಕ’ವನ್ನು ‘ಅಪರಿಚಿತ’ವೆಂದು ಓದಿದ ವಿದ್ಯಾರ್ಥಿಗೆ ಈ ಪ್ರಸಂಗದ ಬೆನ್ನೆಲುಬೇ ಮುರಿಯುತ್ತದೆ. ಯಾರೋ ಗುರುತಿಲ್ಲದ ಇಬ್ಬರು ಹುಡುಗಿಯರನ್ನು ಅರಸನು ಬೇಡವೆಂದನು ಎಂದಷ್ಟೇ ಆಗುತ್ತದೆ. ಅಪರಿಚಿತೆಯನ್ನು ನಿರಾಕರಿಸುವುದು ವಿವೇಕ. ಅನಾಮಿಕೆಯನ್ನು ನಿರಾಕರಿಸುವುದು ಬೇರೆ.

ಇನ್ನು ವಚನಕಾರರ ಕಡೆಗೆ. ಶರಣರ ನಾಮಾವಳಿಯಲ್ಲಿ ‘ಅನಾಮಿಕ ನಾಚಯ್ಯ’ ಎಂಬ ಹೆಸರೊಂದಿದೆ. ಇವನ ಹೆಸರಿನಲ್ಲಿ ಉಳಿದು ಬಂದುದು ಅತ್ಯಲ್ಪ. ಆದರೆ ಈ ಹೆಸರೊಂದೇ ಒಂದು ಪ್ರಬಂಧಕ್ಕೆ ಸಾಲುವಷ್ಟು ಅರ್ಥಗರ್ಭಿತವಾದುದು. ಹೆಸರಿಲ್ಲದವನು ಎಂಬುದು ಹೆಸರಿನ ಮೊದಲ ಭಾಗ. ಎರಡನೆಯ ಭಾಗ ನಾಚಯ್ಯ ಎಂಬ ಹೆಸರು. ಮೊದಲರ್ಧ ಕಸಿದುದನ್ನು ಉತ್ತರಾರ್ಧ ಮರಳಿ ಕೊಡುತ್ತಿದೆ.

ಈ ನಾಮದ ಮೊದಲ ಪದವನ್ನು ವ್ಯಾಖ್ಯಾನಿಸುವವರಲ್ಲಿ ಎರಡು ದಾರಿ ತಪ್ಪುವುದುಂಟು. ಕೆಲವರು ‘ಅಜ್ಞಾತನಾದ ನಾಚಯ್ಯ’ ಎನ್ನುತ್ತಾರೆ. ಇದು ನಿಲ್ಲಲಾರದು, ನಾಚಯ್ಯನೆಂದು ಹೆಸರು ಹೇಳಿದ ಮೇಲೆ ಅಜ್ಞಾತನೆಲ್ಲಿ? ಇನ್ನು ಕೆಲವರು ಭಕ್ತಿಭರದಿಂದ ‘ನಾಮರೂಪಗಳನ್ನು ಮೀರಿದವನು’ ಎಂದು ಅರ್ಥ ಹೇಳುತ್ತಾರೆ. ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಹೆಚ್ಚು ಸುಂದರ. ವೀರಶೈವ ತತ್ತ್ವದಲ್ಲಿ ನಾಮರಹಿತತ್ವಕ್ಕೆ ಎತ್ತರದ ಸ್ಥಾನವಿದೆಯೆಂಬುದು ನಿಜ. ನಾಮ, ರೂಪ, ಕ್ರಿಯೆಗಳಿಗೆ ಅತೀತವಾದ ಪರತತ್ತ್ವವನ್ನು ಶೂನ್ಯ, ನಿಶ್ಶೂನ್ಯ, ನಿರಾಳ, ಬಯಲು ಎಂದು ಅಲ್ಲಮಪ್ರಭುಗಳು ಬಗೆಬಗೆಯಾಗಿ ನಿರ್ದೇಶಿಸಿದ್ದಾರೆ. ಹೆಸರಿಲ್ಲದುದಕ್ಕೆ ಇಷ್ಟೊಂದು ಹೆಸರೇ ಎಂದು ಕೇಳುವವನಿಗೆ ಈ ಎಲ್ಲ ಹೆಸರುಗಳೂ ನಿಷೇಧದಿಂದ ಕಟ್ಟಿದುವು, ಪ್ರತಿಯೊಂದೂ ಹೇಳುತ್ತಲೇ ಅಳಿಸುತ್ತದೆ ಎಂಬುದೇ ಉತ್ತರ. ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಮತ್ತೆ ಮತ್ತೆ ಸಂಕಲಿಸಿದ ವಿರಕ್ತರಿಗೆ ಈ ಸಂಪತ್ತಿನ ಬೆಲೆ ತಿಳಿದಿತ್ತು. ಆದರೆ ಈ ಅರ್ಥಕ್ಕೆ ಒದಗುವ ಮಾತುಗಳ ಬಳಗವೇ ಬೇರೆ. ಅನಾಮಿಕವೆಂಬುದು ಆಗಿನ ಬೀದಿಯ ಮಾತು, ನಾಲಗೆಯ ಮೇಲೆ ಪ್ರತಿದಿನ ಹರಿದಾಡಿದ ಮಾತು. ಬೀದಿಯಲ್ಲಿ ಹೊಡೆದ ಕಲ್ಲನ್ನು ಎತ್ತಿ ತಂದು ಗದ್ದುಗೆಯ ಮೇಲಿಟ್ಟು ಇದು ಲಿಂಗವೆಂದರೆ, ಹೊಡೆಸಿಕೊಂಡವನ ಗಾಯಕ್ಕೆ ಲೆಕ್ಕ ಹೇಳುವವರು ಯಾರು?

ಮೇಲಿನಿಂದ ಬಂದ ನಾಮರಾಹಿತ್ಯ, ಕೆಳಗಿನಿಂದ ಹೇರಿದ ನಾಮರಾಹಿತ್ಯ ಎಂದು ಎರಡನ್ನು ಬೇರೆಯಾಗಿ ಹಿಡಿಯುವುದು ಅವಶ್ಯ. ಪರಶಿವನಿಗೆ ಹೆಸರು ಸಾಲದೆ ಹೆಸರಿಲ್ಲ. ನಾಚಯ್ಯನಿಗೆ ಹೆಸರು ಸಲ್ಲದೆಂದು ಹೆಸರಿಲ್ಲ. ಕನ್ನಡದ ಜನಭಾಷೆ ಈ ಭೇದವನ್ನು ಚೆನ್ನಾಗಿ ಅರಿತಿದೆ. ‘ಹೆಸರಿಲ್ಲದ ಹಾಗೆ ಮಾಡಿದ’ ಎಂದರೆ ನಾಶಮಾಡಿದ ಎಂದೇ ಅರ್ಥ. ‘ನಿರ್ನಾಮ’ವಂತೂ ಇಂದು ಸಂಹಾರವೆಂಬ ಅರ್ಥದಲ್ಲಿ ಮಾತ್ರ ಉಳಿದಿದೆ, ವೈರಿಯನ್ನು, ಕಳೆಯನ್ನು, ರೋಗವನ್ನು ನಿರ್ನಾಮ ಮಾಡುತ್ತಾರೆ.

ನಾಚಯ್ಯನ ಹೆಸರಿನ ಇನ್ನೊಂದು ತುಂಡನ್ನು ನೋಡಬೇಕು. ಅದು ‘ಅಯ್ಯ’. ಬಸವಣ್ಣನವರ ಕಾಲದ ಶರಣಸಮೂಹ ಮಾಡಿದ ಅನೇಕ ಕಾರ್ಯಗಳು ಎದ್ದು ಕಾಣುತ್ತವೆ; ಈ ಸಣ್ಣ ಪ್ರತ್ಯಯವನ್ನು ಎಲ್ಲರ ಹೆಸರಿಗೆ ಜೋಡಿಸಿದ ಕಾರ್ಯ ಅಷ್ಟಾಗಿ ಕಾಣುವುದಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ. ಹೆಣ್ಣುಮಕ್ಕಳಲ್ಲಿ ಕಾಳವ್ವೆ, ಸತ್ಯಕ್ಕ, ಸಂಕವ್ವೆ. ಅಯ್ಯ, ಅಣ್ಣ, ಅಕ್ಕ, ಅವ್ವೆ ಎಂಬುವು ಬಂಧುವಾಚಕಗಳು. ಬಸವಣ್ಣನವರು ಚೆನ್ನಯ್ಯ ಕಕ್ಕಯ್ಯರೊಡನೆ ತಮ್ಮ ಬಂಧುತ್ವವನ್ನು ವಚನಗಳಲ್ಲಿ ಹೇಳಿಕೊಂಡುದು ಪ್ರಸಿದ್ಧ. ಪ್ರಸಿದ್ಧವಲ್ಲದುದೆಂದರೆ, ಅದನ್ನು ಬಾಯಿಬಿಟ್ಟು ಹೇಳದ ಕಡೆಯೂ ಪ್ರತಿಸಲ ಆ ಹೆಸರನ್ನು ಕೂಗಿದಾಗ ಅದೇ ಬಂಧುತ್ವ ಉಚ್ಚಾರವಾಗುತ್ತಿತ್ತೆಂಬುದು. ಹೆಸರನ್ನು ಬಾಯಿಗೆ ತರಬಾರದೆಂದ ಸಮಾಜದ ಎದುರು ಈ ಜನ ಹೆಸರನ್ನು ಬಾಯ್ತುಂಬ, ಅಯ್ಯನೆಂಬ ಮರ್ಯಾದೆಯೊಡನೆ ಕರೆದರು. ಸಂಬೋಳಿ ನಾಗಿದೇವನ ಹೆಸರನ್ನು ಇಲ್ಲಿ ನೆನೆಯಬಹುದು. ಅಸ್ಪೃಶ್ಯನು ದಾರಿಯಲ್ಲಿ ನಡೆಯುವಾಗ ಮೇಲಿನವರು ಸರಿದುಕೊಳ್ಳಲೆಂದು ತಾನೇ ಕೂಗಬೇಕಾಗಿದ್ದ ಎಚ್ಚರಿಕೆಯ ಕೂಗು ‘ಸಂಬೋಳಿ’. ಅವನ ಹೆಸರನ್ನು ಇತರರು ನುಡಿಯುವಂತಿಲ್ಲ. ಅವನು ಮಾತ್ರ ತನ್ನ ಇರವನ್ನು ಕೂಗಿ ಹೇಳುತ್ತ ನಡೆಯಬೇಕು. ಅಂತಹ ಕೂಗಿನ ಪಕ್ಕದಲ್ಲಿ ‘ದೇವ’ನೆಂಬ ಪದ ಬಂದು ನಿಂತಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ನ್ಯಾಯವಲ್ಲ. ಲಿಂಗದೀಕ್ಷೆಯಿಂದ ಪೂರ್ವಾಶ್ರಯ ಅಳಿಯುತ್ತದೆ, ಅಳಿದುದನ್ನು ಮತ್ತೆ ಎತ್ತಿ ಆಡಬಾರದು ಎಂಬುದು ಶರಣರ ನಿಲುವು. ಹಾಗಿದ್ದಲ್ಲಿ ‘ಅನಾಮಿಕ’ ಎಂಬ ಪೂರ್ವಪದ ನಾಚಯ್ಯನ ಹೆಸರಿಗೆ ಅಂಟಿಕೊಂಡು ಉಳಿದುದೇಕೆ? ಕಾಯಕ ಸೂಚಿಸುವುದಕ್ಕಾಗಿ ಎನ್ನೋಣವೆಂದರೆ ಅಂಬಿಗ, ನುಲಿಯ, ಮಡಿವಾಳ ಎಂಬಂತೆ ಅನಾಮಿಕವೊಂದು ಕಾಯಕವಲ್ಲ. ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಲು ಪೂರ್ವಪದ ಬೇಕಾಗುತ್ತಿತ್ತೆಂಬುದು ದಿಟ. ಮಾರಯ್ಯಗಳಲ್ಲಿ ಆಯ್ದಕ್ಕಿಯವರು, ಮೋಳಿಗೆಯವರು, ಹಾದರ ಕಾಯಕದವರು ಎಂದು ಗುರುತು ಹೇಳಲೇಬೇಕು. ಆದರೆ ಗುರುತಿಗೆ ಇದೊಂದೇ ಪದ ಸಿಕ್ಕಿತೆಂದರೆ, ಅಳಿದುದೆಂದು ಸಾರಿದುದು ಜನರ ನೆನಪಿನಿಂದ ಅಳಿದಿರಲಿಲ್ಲವೆಂದು ಒಪ್ಪಬೇಕಾಗುತ್ತದೆ. ಸಮಾಜವೊಂದು ತನ್ನ ಹಳೆಯ ರೂಢಿಯನ್ನು ಒಂದು ತಲೆಮಾರಿನಲ್ಲಿ ಪೂರ್ತಿ ಕಳಚಲಾರದು. ಕಲ್ಯಾಣದ ಸಮಾಜವೂ ಇದಕ್ಕೆ ಹೊರತಲ್ಲ. ಇದನ್ನು ಹೇಳುವುದರಿಂದ ಶರಣರ ಮಹಿಮೆಗೆ ಕುಂದಿಲ್ಲ. ಅವರು ಎಷ್ಟು ಭಾರವಾದುದನ್ನು ಎತ್ತಲು ಹೊರಟಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ; ಅದು ಮೇಲಿನದಕ್ಕೆ ವಿರೋಧಿಯಲ್ಲ. ಬೈಗುಳವನ್ನು ಬಚ್ಚಿಡದೆ ಮುಂದಿಟ್ಟುಕೊಂಡು ನಡೆಯುವುದು ಶರಣರಲ್ಲಿ ಕೆಲವರ ರೀತಿ. ಸೂಳೆ ಸಂಕವ್ವೆಯ ಅಂಕಿತ ‘ನಿರ್ಲಜ್ಜೇಶ್ವರ’. ಲೋಕವು ಅವಳ ಮೇಲೆ ಹೊರಿಸಿದ ಲಜ್ಜೆಗೇಡಿತನವನ್ನು ಅವಳು ತನ್ನ ದೈವದ ಹೆಸರನ್ನಾಗಿ ಮಾಡಿಕೊಂಡಳು. ಅಂಬಿಗರ ಚೌಡಯ್ಯನಂತೂ ಇಷ್ಟದೈವದ ಅಂಕಿತವನ್ನೇ ಬಿಟ್ಟು, ತನ್ನ ಕುಲಕಾಯಕ ಸಹಿತವಾದ ಹೆಸರನ್ನೇ ಅಂಕಿತವಾಗಿ ಇಟ್ಟವನು. ಇಂತಹವರ ನಡುವೆ ‘ಅನಾಮಿಕ ನಾಚಯ್ಯ’ ಎಂಬ ಹೆಸರು ತಲೆತಗ್ಗಿಸಿ ನಿಂತ ಹೆಸರಾಗಿ ತೋರುವುದಿಲ್ಲ.

ಕರಾವಳಿಯ ಕಡೆಗೆ ಹೊರಳಿದರೆ ಈ ಶಬ್ದದ ಮತ್ತೆರಡು ಮುಖಗಳು ಕಾಣುತ್ತವೆ. ದಕ್ಷಿಣ ಕನ್ನಡದ ರಾಮಕುಂಜ, ಹಿಂದೆ ಪುತ್ತೂರು ತಾಲೂಕಿಗೆ 
ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಗ್ರಾಮ, ಪೇಜಾವರ ಮಠದ ವಿಶ್ವೇಶತೀರ್ಥರ ಹುಟ್ಟೂರು. 1931ರಲ್ಲಿ ಅಲ್ಲಿ ಹುಟ್ಟಿದ ಬಾಲಕನು 1938ರಲ್ಲಿ ಹಂಪೆಯಲ್ಲಿ ಸಂನ್ಯಾಸ ಪಡೆದು ತಂದೆತಾಯಿಗಳಿಟ್ಟ ಹೆಸರನ್ನು ಬಿಟ್ಟನು. 2019ರಲ್ಲಿ ದೇಹ ತೊರೆಯುವವರೆಗೆ ಎಂಬತ್ತು ವರ್ಷಕ್ಕೂ ಮೀರಿ ಲೋಕ ಅವರನ್ನು ಆಶ್ರಮನಾಮದಿಂದಲೇ ಅರಿತಿತು. ಸಂನ್ಯಾಸಿಯ ಪೂರ್ವಾಶ್ರಮದ ಹೆಸರನ್ನು ಎತ್ತಬಾರದೆಂಬ ನಿಯಮ ವೀರಶೈವ ಮಠಗಳಿಗೂ ಅನ್ಯ ಮಠಗಳಿಗೂ ಸಮಾನ. ಇಲ್ಲಿಯೂ ಉಚ್ಚರಿಸಬಾರದ ಹೆಸರೊಂದಿದೆ, ಆದರೆ ಅದು ತಾನಾಗಿ ಬಿಟ್ಟುಕೊಟ್ಟ ಹೆಸರು. ಬಿಟ್ಟವನಿಗೆ ಅದಕ್ಕಿಂತ ದೊಡ್ಡ ಹೆಸರು ಆ ಕ್ಷಣವೇ ಸಿಗುತ್ತದೆ.

ಮಧ್ವ ಸಂಪ್ರದಾಯದ ಪ್ರಸ್ತಾಪ ಬಂದುದರಿಂದ ಒಂದು ತಾತ್ತ್ವಿಕ ಭೇದವನ್ನೂ ಗಮನಿಸಬಹುದು. 13ನೆಯ ಶತಮಾನದ ಮಧ್ವಾಚಾರ್ಯರ ಮತದಲ್ಲಿ ಭಗವಂತನು ಸರ್ವಶಬ್ದವಾಚ್ಯ. ಎಲ್ಲ ಶಬ್ದಗಳೂ ಮುಖ್ಯವೃತ್ತಿಯಿಂದ ಅವನನ್ನೇ ಹೇಳುತ್ತವೆ. ಶ್ರುತಿಯಲ್ಲಿ ಅವನನ್ನು ‘ಅನಾಮ’ನೆಂದಿರುವುದಕ್ಕೆ ಅವರು ಹೇಳುವ ಸಮಾಧಾನ, ಅವನು ಪೂರ್ಣವಾಗಿ ಪ್ರಸಿದ್ಧನಲ್ಲ, ಅಂದರೆ ಯಾರ ಅರಿವಿಗೂ ಸಂಪೂರ್ಣ ಸಿಗುವವನಲ್ಲ ಎಂಬುದು. ಹೆಸರಿಲ್ಲವೆಂದಲ್ಲ, ಹೆಸರು ತುಂಬ ಇದೆ, ತಿಳಿದುದು ಸ್ವಲ್ಪ. ಅಲ್ಲಮಪ್ರಭುಗಳ ಬಯಲಿಗೂ ಇದಕ್ಕೂ ಸಿದ್ಧಾಂತದಲ್ಲಿ ಅಜಗಜಾಂತರವಿದೆ. ಆದರೂ ಪ್ರಕೃತ ವಿಷಯಕ್ಕೆ ಇದು ಉಪಕಾರಕ. ಒಂದೇ ನಞ್ ಒಂದು ದರ್ಶನದಲ್ಲಿ ಅಭಾವವನ್ನೂ, ಇನ್ನೊಂದರಲ್ಲಿ ಅರಿವಿನ ಅಲ್ಪತೆಯನ್ನೂ, ಊರಿನ ರೂಢಿಯಲ್ಲಿ ಅಪ್ರಾಶಸ್ತ್ಯವನ್ನೂ ಹೇಳಿತು. ಪಂಡಿತರು ಮೊದಲ ಎರಡನ್ನು ಕುರಿತು ವಾದಿಸುತ್ತಿದ್ದ ಶತಮಾನಗಳಲ್ಲಿ ಮೂರನೆಯದು ವಾದವಿಲ್ಲದೆ ನಡೆದುಕೊಂಡು ಬಂತು.

ಆ ಮೂರನೆಯದು ಅದೇ ರಾಮಕುಂಜ, ಪುತ್ತೂರು, ಸುಳ್ಯದ ತುಳುಸೀಮೆಯಲ್ಲಿ ಹೇಗಿತ್ತೆಂಬುದನ್ನು ಹೆಸರುಗಳೇ ಹೇಳುತ್ತವೆ. ತುಳುವಿನಲ್ಲಿ ಹೆಸರಿಗೆ ‘ಪುದರ್’ ಎನ್ನುತ್ತಾರೆ. ಅಲ್ಲಿ ದುಡಿಯುವ ಜನರಲ್ಲಿ ಮಗು ಹುಟ್ಟಿದ ವಾರವೇ ಹೆಸರಾಗುವ ವಾಡಿಕೆ ಬಹುಕಾಲವಿತ್ತು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಮುಂದೆ ಬೂದ, ಗುರುವ, ತುಕ್ರ. ಶನಿವಾರದವನು ತನಿಯ ಅಥವಾ ಚನಿಯ. ಒಂದು ಕೇರಿಗೆ ಏಳೇ ಹೆಸರು. ಇದು ಹೆಸರಿಲ್ಲದಿರುವಿಕೆಯಲ್ಲ, ಆದರೆ ಅದಕ್ಕೆ ಬಹಳ ದೂರವೂ ಅಲ್ಲ. ಪಂಚಾಂಗವೇ ಇಟ್ಟ ಹೆಸರದು. ವಾರದ ಹೆಸರು ಇತರ ಜಾತಿಗಳಲ್ಲಿಯೂ ಇದ್ದಿತು. ಅಲ್ಲಿ ಅದು ಐತಪ್ಪ, ಗುರುವಪ್ಪ, ತನಿಯಪ್ಪ ಎಂದಾಗುತ್ತಿತ್ತು. ಐತನಿಗೂ ಐತಪ್ಪನಿಗೂ ಇರುವ ಅಂತರ ಒಂದು ‘ಅಪ್ಪ’ದಷ್ಟೇ, ನಾಚನನ್ನು ನಾಚಯ್ಯನನ್ನಾಗಿ ಮಾಡಿದವರಿಗೆ ಆ ಅಂತರದ ಉದ್ದ ಗೊತ್ತಿತ್ತು.

ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು 1933ರಲ್ಲಿ ಹೊರತಂದ ‘ಚೋಮನ ದುಡಿ’ಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಬೇಸಾಯಗಾರನಾಗಬೇಕೆಂದು ಹಂಬಲಿಸಿ ಜಾತಿಯ ಕಾರಣದಿಂದ ಅದು ದಕ್ಕದೆ ಹೋದ ಆ ಮುದುಕನ ಹೆಸರು ಸೋಮವಾರ. ಅವನ ಮಕ್ಕಳಲ್ಲಿ ಗುರುವ ಗುರುವಾರ, ಚನಿಯ ಶನಿವಾರ. ಧಣಿಯ ಹೆಸರು ಸಂಕಪ್ಪಯ್ಯ; ಅಲ್ಲಿ ಅಪ್ಪನೂ ಇದ್ದಾನೆ, ಅಯ್ಯನೂ ಇದ್ದಾನೆ. ಕಾರಂತರು ಚೋಮನಿಗೆ ಯಾವ ಗೌರವವಾಚಕವನ್ನೂ ಸೇರಿಸಲಿಲ್ಲ, ಸೇರಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಆ ಬೋಳು ಹೆಸರನ್ನೇ ಕಾದಂಬರಿಯ ರಕ್ಷಾಪುಟದ ಮೇಲೆ ತಂದರು. ರಾಘವಾಂಕನು ಹೆಸರಿಡದೆ ಬಿಟ್ಟ ಹಾಡುಗಾರ್ತಿಯರ ಎದುರು ದುಡಿ ಬಾರಿಸುವ ಈ ಚೋಮನನ್ನು ಇಟ್ಟು ನೋಡುವವರಿಗೆ ಕನ್ನಡ ಸಾಹಿತ್ಯ ನಡೆದ ದೂರ ತಿಳಿಯುತ್ತದೆ.

ಜನಪದದಲ್ಲಿ ಇನ್ನೂ ಬೆರಗಿನ ಸಂಗತಿ ನಡೆದಿದೆ. ತುಳುನಾಡಿನಾದ್ಯಂತ ಜಾತಿಭೇದವಿಲ್ಲದೆ ಜನ ಹರಕೆ ಹೊರುವ ದೈವ ಕೊರಗ ತನಿಯ. ಕೊರಗ ಎಂಬುದು ಅತ್ಯಂತ ತುಳಿತಕ್ಕೆ ಒಳಗಾದ ಜನಾಂಗದ ಹೆಸರು. ಅವರ ಮೇಲೆ ಹೇರಿದ್ದ ಅಜಲು ಎಂಬ ಅಮಾನವೀಯ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ತನಿಯ ಎಂಬುದು ಶನಿವಾರ. ಜಾತಿ ಮತ್ತು ವಾರ, ಇವೆರಡರ ಹೊರತು ಹೆಸರಿನಲ್ಲಿ ಬೇರೇನೂ ಇಲ್ಲ. ಈ ದೈವವನ್ನು ಭಕ್ತರು ಕರೆಯುವುದು ‘ಕೊರಗಜ್ಜ’ ಎಂದು. ಬೈಗುಳವಾಗಿದ್ದ ಕುಲನಾಮದ ಬೆನ್ನಿಗೆ ‘ಅಜ್ಜ’ ಎಂಬ ಬಂಧುವಾಚಕ ಬಂದು ನಿಂತ ಈ ರಚನೆಯನ್ನು ‘ಅನಾಮಿಕ ನಾಚಯ್ಯ’ ಎಂಬುದರ ಪಕ್ಕದಲ್ಲಿ ಇಟ್ಟರೆ ಎರಡೂ ಒಂದೇ ಅಚ್ಚಿನವೆಂಬುದು ಸ್ಪಷ್ಟ. ಕಲ್ಯಾಣಕ್ಕೂ ತುಳುನಾಡಿಗೂ ನೇರ ಸಂಬಂಧ ಹುಡುಕಬೇಕಾಗಿಲ್ಲ. ಜನ ತಮ್ಮ ತಪ್ಪನ್ನು ತಿದ್ದಿಕೊಳ್ಳಲು ಹೊರಟಾಗ ಮೊದಲು ಕೈಗೆ ಸಿಗುವುದು ನಂಟಿನ ಮಾತು. ದೈವಕ್ಕೆ ಅಜ್ಜನೆನ್ನುವ ನಾಲಗೆ ಅದೇ ಕುಲದ ನೆರೆಯವನಿಗೆ ಏನೆನ್ನುತ್ತದೆಯೆಂಬ ಪ್ರಶ್ನೆ ಉಳಿದೇ ಇರುತ್ತದೆ; ಅದು ಶರಣರ ಜಯಂತಿಗಳನ್ನು ಆಚರಿಸುವವರಿಗೂ ಅನ್ವಯಿಸುವ ಪ್ರಶ್ನೆ.

ಕಡೆಯದಾಗಿ ಸಂಪಾದನಕಾರ್ಯಕ್ಕೆ ಸಂಬಂಧಿಸಿದ ಒಂದು ಮಾತು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದಂದಿನಿಂದ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳವರೆಗೆ, ವಚನಗಳ ಕರ್ತೃತ್ವನಿರ್ಣಯ ಅಂಕಿತವನ್ನು ಅವಲಂಬಿಸಿದೆ. ಅಂಕಿತ ದೊರೆತೂ ಹೆಸರು ದೊರೆಯದ ವಚನಕಾರರು ಹಲವರಿದ್ದಾರೆ. ಗಂಡನ ಹೆಸರಿನ ಆಸರೆಯಿಂದ ‘ಪುಣ್ಯಸ್ತ್ರೀ’ ಎಂದು ಗುರುತು ಪಡೆದ ಶರಣೆಯರಿದ್ದಾರೆ. ಅವರಲ್ಲಿ ಗಂಗಮ್ಮ, ರಾಯಮ್ಮ, ಲಕ್ಷ್ಮಮ್ಮ ಎಂದು ಸ್ವಂತದ ಹೆಸರೂ ಜೊತೆಗೆ ಉಳಿದು ಬಂದುದು ಪುಣ್ಯ. ಹೆಸರು ತಿಳಿಯದವರನ್ನು ‘ಅಜ್ಞಾತ’ರೆಂದು ಕರೆಯುವುದು ಸರಿಯಾದ ಕ್ರಮ. ಕಚೇರಿಯ ಮೂಗರ್ಜಿಗೆ ‘ಅನಾಮಧೇಯ’ವೆಂಬ ಮಾತು ರೂಢವಾಗಿದೆ, ಅದು ಅಲ್ಲಿಯೇ ಇರಲಿ. ಪತ್ರಿಕೆಗಳು ದಾನಿಯನ್ನು ಅನಾಮಿಕನೆನ್ನುವುದನ್ನು ಈಗ ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ವಚನ ಮತ್ತು ನಡುಗನ್ನಡ ಕಾವ್ಯಗಳ ಪಠ್ಯಪುಸ್ತಕಗಳ ಕೊನೆಯಲ್ಲಿ ಕೊಡುವ ಶಬ್ದಾರ್ಥಸೂಚಿಯಲ್ಲಿ ‘ಅನಾಮಿಕ: ಹೆಸರಿಲ್ಲದವನು’ ಎಂದಷ್ಟೇ ಬರೆದು ಕೈಬಿಡುವುದು ಸಲ್ಲದು. ‘ಅಸ್ಪೃಶ್ಯನೆಂದು ಎಣಿಸಿ ಹೆಸರನ್ನು ಉಚ್ಚರಿಸಲು ಅಯೋಗ್ಯವೆಂದು ಜನ ಭಾವಿಸುತ್ತಿದ್ದವನು’ ಎಂದು ಒಂದು ಸಾಲು ಹೆಚ್ಚಾಗಿ ಬರೆಯಲು ಕಾಗದಕ್ಕೆ ಬರವಿಲ್ಲ. ಹಾಗೆಯೇ ವಚನಕಾರರ ಅಕಾರಾದಿಯಲ್ಲಿ ನಾಚಯ್ಯನನ್ನು ‘ಅ’ಕಾರದ ಕೆಳಗೆ ಹುಡುಕಬೇಕಾದ ಸ್ಥಿತಿಯಿದ್ದರೆ, ‘ನ’ಕಾರದ ಕೆಳಗೂ ಅವನ ಹೆಸರನ್ನು ಇನ್ನೊಮ್ಮೆ ಕೊಡುವುದು ಒಳಿತು.